ಏರಿಯ ಮೇಲಿನ ಮೂರು ಕಲ್ಲು

ಹಾಸನದ ನಮ್ಮ ಬೀದಿಯಲ್ಲಿ ಒಂದು ಹೊಂಗೆಮರವಿದೆ. ಏಪ್ರಿಲ್ ಬಂತೆಂದರೆ ಅದರ ಹೂವೆಲ್ಲ ನಮ್ಮ ಗೇಟಿನ ಮುಂದೆಯೇ ಉದುರಬೇಕು. ಎದುರು ಮನೆಯವರು ಬೆಳಗ್ಗೆ ಎದ್ದು ಆ ಮರಕ್ಕೆ ಶಾಪ ಹಾಕುತ್ತ ಗುಡಿಸುತ್ತಾರೆ. ನಾನು ಗುಡಿಸುವುದಿಲ್ಲ. ಸೋಮಾರಿ ಅಂದುಕೊಂಡಿರಬಹುದು, ಅಂದುಕೊಳ್ಳಲಿ. ಮೊನ್ನೆ ಸಂಜೆ ನಾಲ್ಕು ಹನಿ ಮಳೆ ಬಿದ್ದು, ನೆನೆದ ಹೊಂಗೆಹೂವಿನ ವಾಸನೆ ಅಡುಗೆಮನೆಯವರೆಗೂ ಬಂತು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಹೊಳೆನರಸೀಪುರದಲ್ಲಿ ಕಳೆದ ಆ ಒಂದು ವರ್ಷ ಎದುರಿಗೆ ಬಂದು ಕೂತಿತ್ತು.

ಆಗ ನನ್ನನ್ನು ಅಲ್ಲಿನ ಪಿಯು ಕಾಲೇಜಿಗೆ ಇತಿಹಾಸ ಪಾಠ ಮಾಡಲು ಹಾಕಿದ್ದರು. ಹಾಸನದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು, ಉಳಿದವರೆಲ್ಲ ಹಾಗೇ ಮಾಡುತ್ತಿದ್ದರು. ಆದರೆ ಸಂಜೆ ವಾಪಸ್ಸು ಬಂದು ಕತ್ತಲೆ ಮನೆಯ ಬೀಗ ತೆಗೆಯಬೇಕಿತ್ತಲ್ಲ, ಅದು ನನಗೆ ಬೇಡವಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜಯಮ್ಮ ಎಂಬುವರ ಮನೆಯ ಮಹಡಿಯ ಮೇಲೆ ಒಂದು ರೂಮು ಹಿಡಿದೆ. ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದರೆ ಅದಕ್ಕೊಂದು ಕಾರಣವಿರುತ್ತದೆ. ಸ್ವಂತ ಮನೆಯಲ್ಲಿ ಒಬ್ಬಳೇ ಇದ್ದರೆ ಗೋಡೆಗಳೂ ಕಾರಣ ಕೇಳುತ್ತವೆ.

ನಮ್ಮ ಯಜಮಾನರು ಕೊರೋನಾದಲ್ಲಿ ಹೋದರು. ಅವರು ಹೋದ ದಿನ ನಾನೂ ಇನ್ನೊಂದು ವಾರ್ಡಿನಲ್ಲಿ ಮಲಗಿದ್ದೆ. ಮುಖ ನೋಡಲಿಲ್ಲ, ಮಣ್ಣು ಮುಟ್ಟಲಿಲ್ಲ, ಬೆಂಕಿ ನೋಡಲಿಲ್ಲ. ನಾನು ಮನೆಗೆ ಬರುವ ಹೊತ್ತಿಗೆ ನನ್ನ ಮೈದುನ ಎಲ್ಲ ಮುಗಿಸಿ, ಬೂದಿಯನ್ನೂ ಹೇಮಾವತಿಗೆ ಬಿಟ್ಟು ಬಂದಿದ್ದ. ಎಲ್ಲಿ ಬಿಟ್ಟೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಮೇಲೆ ಕೇಳುವುದಕ್ಕೆ ಬಾಯಿ ಬರಲಿಲ್ಲ.

ಕ್ಯಾಮೆರಾ ಅವರದು. ಬೇಲೂರಿಗೆ ಹೋದರೆ ದೇವಸ್ಥಾನದ ಮುಂದೆ ನಾನು, ಗೊರೂರಿಗೆ ಹೋದರೆ ಅಣೆಕಟ್ಟಿನ ಮುಂದೆ ನಾನು. “ನೀನು ಅಲ್ಲಿ ನಿಂತ್ಕೋ” ಎನ್ನದೆ ಅವರು ಒಂದು ಫೋಟೋ ತೆಗೆದವರಲ್ಲ. ಬೆಟ್ಟ ಚೆನ್ನಾಗಿದೆ, ಬರೀ ಬೆಟ್ಟ ತೆಗೀರಿ ಎಂದರೆ, “ಯಾರೂ ಇಲ್ಲದ ಫೋಟೋ ಏನು ಚೆಂದ?” ಎನ್ನುತ್ತಿದ್ದರು. ಹೀಗಾಗಿ ಕೊನೆಗೆ ನೋಡಿದರೆ ಆಲ್ಬಮ್ಮಿನ ತುಂಬ ನಾನೇ. ಅವರದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಗೋಡೆಗೆ ಹಾಕಲು ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಬೇಕಾಯಿತು. ಅದರಲ್ಲಿ ಅವರು ಯಾರ ಮೇಲೋ ದೂರು ಕೊಡಲು ಬಂದವರ ಹಾಗೆ ನೋಡುತ್ತಿದ್ದಾರೆ.

ನನಗೆ ಮುಂದೆ ನಿಲ್ಲಿಸಿಕೊಳ್ಳಲು ಯಾರಿದ್ದರು? ಅದಕ್ಕೇ ಯಾರೂ ಇಲ್ಲದ ಫೋಟೋಗಳನ್ನೇ ತೆಗೆಯುತ್ತೇನೆ ಎಂದು ಹಟಕ್ಕೆ ಬಿದ್ದೆ. ಒಂದೇ ಜಾಗ, ಒಂದೇ ಕೋನ, ಮುಂಗಾರಿನಿಂದ ಮತ್ತೆ ಬೇಸಿಗೆಯವರೆಗೆ. ಮಳೆ, ಬೆಳೆ, ಮಂಜು, ಬಿಸಿಲು ಎಲ್ಲ ಬದಲಾಗಬೇಕು, ಚೌಕಟ್ಟು ಮಾತ್ರ ಕದಲಬಾರದು. ಹೊಳೆ ಬಿಟ್ಟು ಬೇರೆ ಏನು ಬೇಕಾದರೂ ಆಗಬಹುದು ಎಂದುಕೊಂಡಿದ್ದೆ. ಊರಿನ ಪಕ್ಕದಲ್ಲೇ ಹೇಮಾವತಿ ಹೊಳೆಯಿದ್ದರೂ ಆ ಕಡೆ ಹೋಗುತ್ತಿರಲಿಲ್ಲ.

ಜಾಗ ಸಿಕ್ಕಿದ್ದು ಕೋಪದಲ್ಲಿ. ಒಂದು ಭಾನುವಾರ ಹಳೇಕೋಟೆ ಕಡೆಯ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿ ಮುಗಿಸಿ, “ಯಜಮಾನ್ರು ಏನ್ ಮಾಡ್ತಾರೆ?” ಎಂದಳು. ನಾನು ಎದ್ದು, ಬೆಲ್ ಹೊಡೆಸಿ, ಇಳಿದುಬಿಟ್ಟೆ. ಬಸ್ಸು ಹೋದ ಮೇಲೆ ನೋಡಿದರೆ ಎದುರಿಗೆ ಕಾಲುವೆ. ಏರಿ ಹತ್ತಿದರೆ ಆಚೆಗೆ ಗದ್ದೆಬಯಲು, ಬಯಲಿನ ನಡುವೆ ಒಂದು ದಿಣ್ಣೆ, ದಿಣ್ಣೆಯ ಮೇಲೆ ಒಂದೇ ಒಂದು ಹೊಂಗೆಮರ. ಬಲಗಡೆಗೆ ತೆಂಗಿನ ತೋಟ. ಒಂದು ನರಪಿಳ್ಳೆಯೂ ಇಲ್ಲ. ಇದೇ ಸರಿ ಎಂದುಕೊಂಡೆ.

ಕೋನ ತಪ್ಪಬಾರದೆಂದು ನಾನೊಂದು ಉಪಾಯ ಮಾಡಿದೆ. ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲು ಎಲ್ಲೆಲ್ಲಿ ಊರುತ್ತವೋ ಅಲ್ಲಲ್ಲಿ ಒಂದೊಂದು ಕಲ್ಲು ಹುಗಿದೆ. ಹುಲ್ಲು ಬೆಳೆದರೂ ಕಾಣಲಿ ಎಂದು ಅವುಗಳ ನೆತ್ತಿಗೆ ಕೆಂಪು ಬಣ್ಣ ಬಳಿದೆ. ಜಯಮ್ಮನವರು ಹೊಸ್ತಿಲಿಗೆ ಬಳಿದು ಉಳಿಸಿದ್ದ ಬಣ್ಣ ಅದು. ಬಹಳ ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವತ್ತಿನಿಂದ ಭಾನುವಾರ ಬೆಳಗಿನ ಬಸ್ಸು ನನ್ನದಾಯಿತು. ಆರಿದ್ರಾ ಮಳೆಯಲ್ಲಿ ಬಯಲು ಕೆಸರಾಗಿತ್ತು, ಮರ ಮಾತ್ರ ತೊಳೆದಿಟ್ಟ ಹಾಗೆ. ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆಗಳಲ್ಲಿ ಆಕಾಶ ಬಿತ್ತು. ನಾಟಿಯಾಯಿತು. ನಾಟಿಯ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತಿದ್ದರು, ನಾನು ಅವರು ಚೌಕಟ್ಟಿನಿಂದ ಆಚೆ ಹೋಗುವವರೆಗೆ ಕಾಯುತ್ತಿದ್ದೆ. ಯಾರಾದರೂ ಬದುವಿನ ಮೇಲೆ ನಡೆದು ಬಂದರೆ ಕೈ ಬೀಸಿ ಸರಿಸುತ್ತಿದ್ದೆ. ಅವರು ತಕ್ಷಣ ಸರಿಯುತ್ತಿದ್ದರು. ಈ ಕಡೆಯ ಜನಕ್ಕೆ ಎಷ್ಟು ವಿನಯ ಎಂದು ಬೆರಗಾಗುತ್ತಿದ್ದೆ.

ನಾಟಿ ಮುಗಿದ ಹೊಸತರಲ್ಲಿ ಹಣೆಗೆ ವಿಭೂತಿ ಇಟ್ಟ ಹಿರಿಯರೊಬ್ಬರು ಏರಿ ಹತ್ತಿ ಬಂದು ಎಳನೀರು ಕೆತ್ತಿಕೊಟ್ಟರು. ಹೆಸರು ಶಿವನಂಜಪ್ಪ, ಬಲಗಡೆಯ ತೋಟ ಅವರದೇ.

“ಏನ್ ಮಾಡ್ತಿದ್ದೀರಿ ಮೇಡಂ?”

“ಫೋಟೋ ತೆಗೀತಿದೀನಿ.”

“ಯಾರ್ದು?”

“ಯಾರದೂ ಅಲ್ಲ. ಈ ಬಯಲಿಂದು.”

“ಅಲ್ಲಿ ಯಾರೂ ಇಲ್ವಲ್ಲ.”

“ಯಾರೂ ಇರಬಾರದು ಅಂತಲೇ ಇಲ್ಲಿಗೆ ಬರ್ತಿರೋದು,” ಎಂದೆ.

ಅವರು ನನ್ನ ಸ್ಟ್ಯಾಂಡನ್ನು ಒಂದು ಸುತ್ತು ಬಂದರು. ಕೆಂಪು ಕಲ್ಲುಗಳನ್ನು ನೋಡಿದರು. “ಅಂಗೇ ಅನ್ನದು ಬುಡಿ ಮೊದ್ಲು ಎಲ್ರೂ,” ಎಂದು ಸಣ್ಣಗೆ ನಕ್ಕು, “ಎಷ್ಟು ಅಗ್ಲ ಬತ್ತದೆ?” ಎಂದು ಕೇಳಿದರು.

ಅಗಲದ ಲೆನ್ಸು ನನ್ನ ಹೆಮ್ಮೆಯಾಗಿತ್ತು. “ಪೂರ್ತಿ ಬರುತ್ತೆ. ಆ ದಿಣ್ಣೆ, ಮರ, ಎಲ್ಲ.”

“ದಿಣ್ಣೇನೂವಾ?”

“ದಿಣ್ಣೆ ಸರಿಯಾಗಿ ನಡುವಿಗೆ ಬರುತ್ತೆ.”

ಶಿವನಂಜಪ್ಪನವರ ಮುಖ ಇಳಿಯಿತು. ಎಳನೀರಿನ ಬುರುಡೆ ಕೂಡ ವಾಪಸ್ಸು ಇಸಿದುಕೊಳ್ಳದೆ ಇಳಿದು ಹೋದರು. ನನ್ನ ಮಾತು ಒರಟಾಯಿತೇನೋ, ಹಾಳಾಗಿ ಹೋಗಲಿ ಎಂದುಕೊಂಡೆ. ಆಮೇಲೂ ಎಳನೀರು ಬರುತ್ತಲೇ ಇತ್ತು, ಮಾತು ಮಾತ್ರ ನಿಂತಿತು.

ವಾರದಲ್ಲಿ ಭಾನುವಾರ ಸಂಜೆಯಷ್ಟು ಉದ್ದದ ಹೊತ್ತು ಬೇರೆ ಇರಲಿಲ್ಲ. ರೂಮಿಗೆ ಬಂದು, ಅನ್ನ ಮಾಡಿ, ಬೆಳಗಿನ ಸಾರಿನಲ್ಲೇ ಕಲಸಿ, ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆ. ಕೆಳಗೆ ಜಯಮ್ಮನವರ ಮನೆಯಲ್ಲಿ ಟಿವಿಯ ಸದ್ದು, ಪಾತ್ರೆಯ ಸದ್ದು, ಅವರವರ ಜಗಳ. ನನಗೆ ಜಗಳ ಆಡುವುದಕ್ಕೂ ಜನ ಇರಲಿಲ್ಲ. ದೀಪಾವಳಿಗೆ ಅಕ್ಕ ಚನ್ನರಾಯಪಟ್ಟಣಕ್ಕೆ ಬಾ ಎಂದು ಕರೆದಳು. ಕೆಲಸವಿದೆ ಎಂದು ಸುಳ್ಳು ಹೇಳಿ, ಕದ ಹಾಕಿಕೊಂಡು, ಪಟಾಕಿ ಮುಗಿಯುವವರೆಗೆ ಫೋಟೋ ತಿದ್ದುತ್ತ ಕೂತೆ.

ತಿದ್ದುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಒಂದು ಬಿಳಿ ಚುಕ್ಕೆ ಕಾಟ ಕೊಡುತ್ತಿತ್ತು. ಹೊಂಗೆಮರದ ಬುಡದಲ್ಲಿ, ಸಾಸಿವೆಕಾಳಿನಷ್ಟು. ಯಾರೋ ಎಸೆದ ಪ್ಲಾಸ್ಟಿಕ್ ಕವರು ಇರಬೇಕು, ತೆಗೆಯುವವರಿಗೇನು ಧಾಡಿ ಎಂದು ಗೊಣಗಿಕೊಂಡು, ಪ್ರತಿ ಸಲವೂ ಅದನ್ನು ಕಂಪ್ಯೂಟರಿನಲ್ಲಿ ಅಳಿಸಿ ಹುಲ್ಲು ಮಾಡಿಬಿಡುತ್ತಿದ್ದೆ. ಒಂದು ನಿಮಿಷದ ಕೆಲಸ. ಆಮೇಲೆ ಬಯಲು ನನಗೆ ಬೇಕಾದ ಹಾಗೆ ಇರುತ್ತಿತ್ತು, ಪೂರಾ ಖಾಲಿ.

ಧನುರ್ಮಾಸದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಏರಿಯ ಮೇಲೆ ನಿಂತವಳಿಗೆ ಕಾಲುವೆಯ ನೀರಿನ ಸದ್ದು ಕೇಳಿಸುತ್ತಿತ್ತು, ನೀರು ಕಾಣಿಸುತ್ತಿರಲಿಲ್ಲ. ತಡಕಾಡಿ ಕೆಂಪು ಕಲ್ಲು ಹುಡುಕಿ, ಸ್ಟ್ಯಾಂಡ್ ಇಟ್ಟು, ಒತ್ತಿ ಬಂದೆ. ಆಮೇಲಿನ ವಾರ ಮಂಜು ಸ್ವಲ್ಪ ಹರಿದಿತ್ತು. ರೂಮಿಗೆ ಬಂದು ತೆರೆದು ನೋಡಿದರೆ ಮರ ಎಡ ಅಂಚಿಗೆ ಹೋಗಿದೆ. ನಡುವೆ ಬರೀ ತೆಂಗಿನ ತೋಟ! ಹಿಂದಿನ ವಾರದ್ದನ್ನು ಬೆಳಕು ಹೆಚ್ಚಿಸಿ ನೋಡಿದೆ, ಅದರಲ್ಲೂ ಹಾಗೇ.

ಮೈಯೆಲ್ಲ ಉರಿದುಹೋಯಿತು. ಮಾರನೆಯ ವಾರ ಹೋಗಿ ನೋಡಿದರೆ ಕಲ್ಲುಗಳು ಏರಿಯುದ್ದಕ್ಕೆ ಅಷ್ಟು ದೂರ ಸರಿದು ಕೂತಿವೆ. ಬೇಕಾಬಿಟ್ಟಿ ಅಲ್ಲ, ಅದೇ ಅಂತರ, ಅದೇ ಮುಖ, ಬುಡಕ್ಕೆ ಮಣ್ಣು ತುಳಿದು ಗಟ್ಟಿ ಮಾಡಿದ್ದಾರೆ. ಇಷ್ಟು ಅಚ್ಚುಕಟ್ಟಾಗಿ ಕಾಟ ಕೊಡುವವರನ್ನು ನಾನು ನೋಡಿರಲಿಲ್ಲ. ಕಿತ್ತು ಮೊದಲಿನ ಜಾಗಕ್ಕೆ ಹುಗಿದೆ. ಮತ್ತೆ ಸರಿದವು. ಮತ್ತೆ ಹುಗಿದೆ. ಕೊಯ್ಲಾಗಿ, ಹುಲ್ಲಿನ ಮೆದೆ ಎದ್ದು, ಬಯಲು ಬೋಳಾಗುವವರೆಗೂ ಈ ಜಗಳ ನಡೆಯಿತು. ಸುಳ್ಳು ಯಾಕೆ ಹೇಳಲಿ, ಎಷ್ಟೋ ದಿನದ ಮೇಲೆ ನನಗೊಬ್ಬರು ಜಗಳಕ್ಕೆ ಸಿಕ್ಕಿದ್ದರು, ಅವರ ಮುಖ ಮಾತ್ರ ಗೊತ್ತಿರಲಿಲ್ಲ. ಆದರೆ ವರ್ಷದ ಕೆಲಸ ಕಣ್ಣೆದುರಿಗೆ ಕೆಡುತ್ತಿತ್ತು. ಒಂದು ಋತು ತಪ್ಪಿದರೆ ಅದು ವಾಪಸ್ಸು ಬರುವುದಿಲ್ಲ.

ಒಂದು ಸೋಮವಾರ ಕಾಲೇಜಿಗೆ ರಜೆ ಹಾಕಿ, ಮೊದಲ ಬಸ್ಸಿಗೇ ಹೋದೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಏರಿಯ ಮೇಲೆ ಟವೆಲನ್ನು ತಲೆಗೆ ಸುತ್ತಿಕೊಂಡ ಶಿವನಂಜಪ್ಪನವರು ನನ್ನ ಕಲ್ಲೊಂದನ್ನು ಎದೆಗೆ ಅವಚಿಕೊಂಡು ಬರುತ್ತಿದ್ದರು.

“ಶಿವನಂಜಪ್ಪನೋರೇ, ಕೆಳಗಿಡಿ ಅದನ್ನ!” ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಹಾಕುವ ದನಿಯಲ್ಲಿ ಕೂಗಿದೆ.

ಅವರು ನಿಂತರು. ಕಲ್ಲು ಇಳಿಸಲಿಲ್ಲ. “ಮಡಗಾಕಿಲ್ಲ ಮೇಡಂ. ಕೇಸ್ ಆಕಿ ಬೇಕಾರೆ.”

“ಕೇಸಾ? ಎಂಥ ಕೇಸು?”

“ಗೌರ್ಮೆಂಟ್ ಕಲ್ಲು ಕಿತ್ತಿವ್ನಿ, ನಂಗೊತ್ತಿಲ್ವಾ? ಈ ಕಡೀಕೆ ರಸ್ತೆ ಬತ್ತದೆ ಅಂತ ಊರೆಲ್ಲ ಮಾತಾಡ್ತದೆ. ನೀವು ಬಂದು ಕಾಲಿನ ಸ್ಟ್ಯಾಂಡ್ ಮಡಗುದ್ರಿ, ಕೆಂಪು ಕಲ್ಲು ನೆಟ್ರಿ, ಪೂರ್ತಿ ಬತ್ತದೆ ಅಂದ್ರಿ. ನಾವೇನ್ ಕುರುಡ್ರಾ?” ಅವರ ಉಸಿರು ಹೊಗೆಯಾಗಿ ಬರುತ್ತಿತ್ತು. “ತ್ವಾಟದ್ ಮ್ಯಾಲೆ ಓಗ್ಲಿ ರಸ್ತೆ. ನಮ್ಮಪ್ಪ ನೆಟ್ಟಿದ್ ತೆಂಗು, ಓದ್ರೆ ಓಗ್ಲಿ, ಇನ್ನೊಂದ್ ಕಡೆ ಆಕ್ಕತೀನಿ. ಆ ದಿಣ್ಣೆ ಒಂದ ಬುಟ್ಬುಡಿ ಕಣವ್ವ. ಅಲ್ಲಿ ನಮ್ಮನೆಯವ್ಳು ಅವ್ಳೆ.”

ಅವರಲ್ಲಿ ಸುಡುವುದಿಲ್ಲ. ತಮ್ಮ ನೆಲದಲ್ಲೇ ಮಣ್ಣು ಮಾಡುತ್ತಾರೆ. ಗೌರಮ್ಮ ಎಂದು ಹೆಸರು, ಹಿಂದಿನ ವರ್ಷ ತೀರಿಕೊಂಡರಂತೆ. ಹೊಂಗೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಗದ್ದುಗೆ ಕಟ್ಟಿ, ಸುಣ್ಣ ಬಳಿದು, ವಿಭೂತಿ ಹಚ್ಚಿದ್ದಾರೆ. ಕಲ್ಲು ಹಿಡಿದುಕೊಂಡೇ ಇಷ್ಟನ್ನು ಅವರು ಹೇಳಿದರು.

ನಾನು ಸರ್ವೆಯವಳಲ್ಲ ಎಂದು ಜಯಮ್ಮನವರ ಹೊಸ್ತಿಲಿನ ಬಣ್ಣದ ಕತೆಯನ್ನು ಹೇಳಿದೆ, ಅವರು ನಂಬಲಿಲ್ಲ. ಕೊನೆಗೆ ಕ್ಯಾಮೆರಾ ತೆಗೆದು ಕೈಗೆ ಕೊಟ್ಟೆ. ಅವರು ಆಗ ಕಲ್ಲು ಇಳಿಸಿದರು. ಟವೆಲನ್ನು ಮರೆ ಮಾಡಿಕೊಂಡು ಆ ಚಿಕ್ಕ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ನಾನು ಒಂದೊಂದಾಗಿ ಸರಿಸುತ್ತ ಹೋದೆ.

“ಇಲ್ಲವ್ಳೆ,” ಎಂದರು.

“ಎಲ್ಲಿ?”

ಉಗುರಿನ ತುದಿಯಿಂದ ತೋರಿಸಿದರು. ಸಾಸಿವೆಕಾಳಿನಷ್ಟು ಬಿಳಿ ಚುಕ್ಕೆ.

ನಾನು ಮುಂದಿನದಕ್ಕೆ ಸರಿಸಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. “ಇಲ್ಲಿ ನೆಂದವ್ಳೆ, ಮಳೇಲಿ... ಇದ್ಯಾವಾಗ? ದೀಪಾವಳೀಲಾ? ಆಗ ಸುಣ್ಣ ಬಳ್ದಿದ್ದೆ ನೋಡಿ, ಎಂಗ್ ಒಳೀತವ್ಳೆ!... ಇಲ್ಲಿ ಮಂಜು. ಕಾಣಾಕಿಲ್ಲ. ಆದ್ರೂ ಅವ್ಳೆ.” ಆಮೇಲೆ ತಲೆಯೆತ್ತಿ, ಪಾಠ ತಪ್ಪು ಒಪ್ಪಿಸಿದ ಹುಡುಗಿಯನ್ನು ನೋಡುವ ಹಾಗೆ ನೋಡಿ, “ಯಾರೂ ಇಲ್ಲ ಅಂದ್ರಲ್ಲ ಮೇಡಂ. ಎಲ್ಲಾದ್ರಲ್ಲೂ ಅವ್ಳಲ್ಲ!” ಎಂದರು.

ನನ್ನ ಕತ್ತಿನ ಕಡೆ, ಬರಿಗೈ ಕಡೆ ಆಗ ಅವರ ಕಣ್ಣು ಹೋಯಿತು. “ನಿಮ್ಮೆಜಮಾನ್ರು?”

“ಇಲ್ಲ. ತೀರಿಕೊಂಡರು.”

“ಎಲ್ಲವ್ರೆ?”

ಹೇಗೆ ಹೋದರು, ಯಾವಾಗ ಹೋದರು ಎಂದು ಎಲ್ಲರೂ ಕೇಳಿದ್ದರು. ಎಲ್ಲಿದ್ದಾರೆ ಎಂದು ಯಾರೂ ಕೇಳಿರಲಿಲ್ಲ. “ಹೊಳೇಲಿ,” ಎಂದೆ.

“ಯಾವ್ ಜಾಗ್ದಲ್ಲಿ?”

“ಗೊತ್ತಿಲ್ಲ.”

ಶಿವನಂಜಪ್ಪನವರು ಕ್ಯಾಮೆರಾ ವಾಪಸ್ಸು ಕೊಟ್ಟರು. ಸಮಾಧಾನ ಹೇಳುತ್ತಾರೆ ಎಂದುಕೊಂಡೆ. “ಅಂಗಾರೆ ನಿಮ್ಗೆ ಸರ್ವೆಯೋರ ಯೋಚ್ನೆ ಇಲ್ಲ ಬುಡಿ,” ಎಂದರು. “ಒಳೆ ಒಳೀಕೆ ಯಾರ್ ಬಂದು ಕಲ್ಲು ನೆಟ್ಟಾರು.”

ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ, ಏರಿಯ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತುಬಿಟ್ಟೆ. ಅಲ್ಲಿಯವರೆಗೆ ನಾನು ಹಾಗೆ ಅತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಶಕ್ತಿಯಿರಲಿಲ್ಲ, ಮನೆಯಲ್ಲಿ ಜನರಿದ್ದರು, ರೂಮಿನಲ್ಲಿ ಕೆಳಗಿನವರಿಗೆ ಕೇಳಿಸೀತೆಂಬ ಭಯವಿತ್ತು. ಶಿವನಂಜಪ್ಪನವರು ಸುಮ್ಮನಿರಿ ಎನ್ನಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ತಂದು ನನ್ನ ಮೊದಲಿನ ಗುಣಿಗಳಲ್ಲಿ ಇಟ್ಟು, ಮಣ್ಣು ತುಳಿಯುತ್ತಿದ್ದರು.

ಅವತ್ತು ರೂಮಿಗೆ ಬಂದು ಎಲ್ಲ ಫೋಟೋಗಳನ್ನೂ ಮತ್ತೆ ತೆರೆದೆ. ತಿದ್ದಿದ್ದನ್ನೆಲ್ಲ ತೆಗೆದು ಹಾಕಿದೆ. ಒಂದೊಂದರಲ್ಲೂ ಆ ಚುಕ್ಕೆ ಮರಳಿ ಬಂದು ಮರದ ಬುಡದಲ್ಲಿ ಕೂತಿತು. ಕೆಳಗೆ ಜಯಮ್ಮನವರು ಊಟ ಆಯಿತಾ ಎಂದು ಕೂಗಿ ಕೇಳಿದರು. ಇಲ್ಲ ಎಂದು ಮೊದಲ ಸಲ ನಿಜ ಹೇಳಿದೆ. ಮುದ್ದೆ, ಅವರೆಕಾಳಿನ ಸಾರು ಮಹಡಿ ಹತ್ತಿ ಬಂತು.

ಯುಗಾದಿಗೆ ಮುಂಚೆ ಹೊಂಗೆ ಎಲೆಯೆಲ್ಲ ಉದುರಿಸಿ ಬರಿ ಕೊಂಬೆಯಾಯಿತು. ಆಮೇಲೆ ಎಣ್ಣೆ ಸವರಿದಂಥ ಎಳೆಹಸಿರು. ಅಷ್ಟರಲ್ಲಿ ನನಗೆ ಮತ್ತೆ ಹಾಸನಕ್ಕೇ ವರ್ಗವಾಯಿತು. ಉಳಿದಿದ್ದು ಹೂವಿನ ಫೋಟೋ ಒಂದೇ. ಹೊರಡುವ ಹಿಂದಿನ ದಿನ ಹೋದಾಗ ರಾತ್ರಿ ಮಳೆ ಬಿದ್ದು ದಿಣ್ಣೆಯೆಲ್ಲ ಹೂವು ಚೆಲ್ಲಿ ಬೆಳ್ಳಗಾಗಿತ್ತು. ಏರಿಯವರೆಗೂ ಆ ವಾಸನೆ. ಪ್ರಿಂಟು ಹಾಕಿಸಿದ ಫೋಟೋಗಳನ್ನು ಶಿವನಂಜಪ್ಪನವರಿಗೆ ಕೊಟ್ಟೆ. ಅವರು ಅವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, “ಸರ್ವೆಯೋರು ಬಂದ್ರೆ ತೋರುಸ್ತೀನಿ,” ಎಂದರು. ನಾನು ಸರ್ವೆಯವಳಲ್ಲ ಎಂಬ ಬಗ್ಗೆ ಅವರಿಗೆ ಕೊನೆಗೂ ಪೂರ್ತಿ ನಂಬಿಕೆ ಬಂದಿತ್ತೆಂದು ನಾನು ಹೇಳಲಾರೆ.

ಒತ್ತಬೇಕು ಎನ್ನುವಷ್ಟರಲ್ಲಿ, “ತಡೀರಿ ಮೇಡಂ, ಊವು ಬಿದ್ದು ಅವ್ಳು ಕಾಣಾಕಿಲ್ಲ!” ಎಂದು ಕೂಗಿ, ಕಡ್ಡಿಪೊರಕೆ ಹಿಡಿದು ದಿಣ್ಣೆಗೆ ಓಡಿದರು. ಗದ್ದುಗೆಯ ಸುತ್ತ ಹೂವೆಲ್ಲ ಗುಡಿಸಿ, ಕಪ್ಪು ಮಣ್ಣು ಕಾಣಿಸಿ, ನಡುವೆ ಬಿಳಿ ಎದ್ದು ಬರುವ ಹಾಗೆ ಮಾಡಿದರು. ಆಮೇಲೆ ಪೊರಕೆ ಎತ್ತಿಕೊಂಡು, ಚೌಕಟ್ಟು ಬಿಟ್ಟು ಆಚೆ ಹೋಗತೊಡಗಿದರು. ಇಷ್ಟು ದಿನ ನಾನೇ ಕಲಿಸಿದ ಪಾಠ.

“ನೀವು ಅಲ್ಲೇ ನಿಂತ್ಕೊಳ್ಳಿ!” ಎಂದು ಕೂಗಿದೆ. ಕೂಗಿದ ಮೇಲೆ ಅದು ಯಾರ ಮಾತೆಂದು ನೆನಪಾಯಿತು.

ಅವರು ಗೌರಮ್ಮನ ಪಕ್ಕ ಪೊರಕೆ ಹಿಡಿದೇ, ರೇಷನ್ ಕಾರ್ಡಿನ ಫೋಟೋಕ್ಕೆ ನಿಂತ ಹಾಗೆ ಬಿಗಿಯಾಗಿ ನಿಂತರು. ಒತ್ತಿದೆ. ನನ್ನ ವರ್ಷ ಅಲ್ಲಿಗೆ ಮುಗಿಯಿತು. ಕಲ್ಲುಗಳನ್ನು ಕೀಳಬೇಡಿ, ಇರಲಿ ಎಂದು ಅವರೇ ಹೇಳಿದರು.

ಬಸ್ಸು ಇಳಿದವಳು ರೂಮಿನ ಕಡೆ ತಿರುಗಲಿಲ್ಲ. ಸ್ಟ್ಯಾಂಡ್ ಹೆಗಲಿಗೆ ಹಾಕಿಕೊಂಡು ಹೊಳೆಯ ದಾರಿ ಹಿಡಿದೆ. ಬೇಸಿಗೆಯ ಹೊಳೆ, ಬಂಡೆಗಳ ನಡುವೆ ನೀರು ಒಂದು ಕಡೆಯಿಂದ ಮಾತ್ರ ಹರಿಯುತ್ತಿತ್ತು. ದಡದಲ್ಲಿ ಒಬ್ಬ ಟೆಂಪೋ ತೊಳೆಯುತ್ತಿದ್ದ, ಅವನನ್ನು ಬಿಟ್ಟರೆ ಯಾರೂ ಇಲ್ಲ. ಸ್ಟ್ಯಾಂಡ್ ಊರಿ, ಕ್ಯಾಮೆರಾವನ್ನು ನೀರಿನ ಕಡೆಗೆ ತಿರುಗಿಸಿದೆ.

ಅವನು ಬಕೆಟ್ ಹಿಡಿದು ನಿಂತು ನೋಡಿದ. “ಸರ್ವೆನಾ ಮೇಡಂ?”

“ಅಲ್ಲಪ್ಪ. ಫೋಟೋ.”

ಅವನು ನೀರಿನ ಕಡೆ ನೋಡಿದ, ಆಚೆ ದಡ ನೋಡಿದ, ಮತ್ತೆ ನನ್ನನ್ನು ನೋಡಿದ. “ಅಲ್ಲಿ ಯಾರೂ ಇಲ್ವಲ್ಲ, ಯಾರ್ದು ಫೋಟೋ?”

“ನಮ್ಮ ಯಜಮಾನ್ರದು,” ಎಂದೆ.

ಅವನು ಇನ್ನೊಂದು ಸಲ ನೀರಿನ ಕಡೆ ನೋಡಿ, “ಅಡ್ಡ ಇದ್ದೀನೇನೋ, ತಡೀರಿ,” ಎಂದು ಟೆಂಪೋ ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೆದ.